ಅಗ್ನಿನಿರೋಧಕಗಳೂ ನಾವು ಉಸಿರಾಡುವ ಗಾಳಿಯೂ

ಮನೆಗೆ ಹೊಸದೊಂದು ಸೋಫಾ ಬಂದರೆ ಯಜಮಾನನು ಅದರ ಬೆಲೆಯನ್ನು ಲೆಕ್ಕಹಾಕುವನು. ಮನೆಯಾಕೆಯು ಬಟ್ಟೆಯ ಬಣ್ಣವನ್ನೂ ಹೊಲಿಗೆಯನ್ನೂ ನೋಡುವಳು. ಮಕ್ಕಳು ಅದರ ಮೇಲೆ ಕುಣಿದು ಅದರ ಮೃದುತ್ವವನ್ನು ಪರೀಕ್ಷಿಸುವರು. ಒಳಗೆ ತುಂಬಿರುವುದೇನೆಂದು ಕೇಳುವವರು ವಿರಳ. ನಮ್ಮ ಅಜ್ಜಂದಿರ ಕಾಲದಲ್ಲಿ ಈ ಪ್ರಶ್ನೆಗೆ ಎಡೆಯೇ ಇರಲಿಲ್ಲ. ಅರಳೆ ಹಿಂಜುವವನು ಬಿಲ್ಲನ್ನು ಹೆಗಲಮೇಲೆ ಹೊತ್ತು ಬೀದಿಗೆ ಬರುತ್ತಿದ್ದನು. ಅಂಗಳದಲ್ಲಿ ಎಲ್ಲರ ಕಣ್ಣೆದುರಿಗೆ ಹಳೆಯ ಹಾಸಿಗೆಯನ್ನು ಬಿಚ್ಚಿ, ಅರಳೆಯನ್ನು ಹಿಂಜಿ, ಮತ್ತೆ ತುಂಬಿ ಹೊಲಿದುಕೊಟ್ಟು ಹೋಗುತ್ತಿದ್ದನು. ಹಾಸಿಗೆಯೊಳಗೆ ಇರುವುದು ಹತ್ತಿಯೋ ಬೂರುಗದ ಅರಳೆಯೋ ಎಂಬುದು ಮನೆಯ ಮಕ್ಕಳಿಗೂ ಗೊತ್ತಿತ್ತು. ಈಗಿನ ಹಾಸಿಗೆ, ದಿಂಬು, ಮೆತ್ತೆಗಳೊಳಗೆ ಬಹುಮಟ್ಟಿಗೆ ಇರುವುದು ಕಲ್ಲೆಣ್ಣೆಯಿಂದ ಹುಟ್ಟಿದ ಪಾಲಿಯೂರಿಥೇನ್ ಎಂಬ ಫೋಮು. ಅದು ಹಗುರ, ಮೃದು, ಅಗ್ಗ. ಆದರೆ ಬೆಂಕಿ ತಗುಲಿದರೆ ಭಗ್ಗನೆ ಹೊತ್ತಿಕೊಂಡು ಕರಿಹೊಗೆಯನ್ನು ಕಾರುವ ವಸ್ತು. ಟೆಲಿವಿಷನ್ನಿನ ಮತ್ತು ಕಂಪ್ಯೂಟರಿನ ಕವಚಗಳಿಗೆ ಬಳಸುವ ಪ್ಲಾಸ್ಟಿಕ್ಕುಗಳಲ್ಲಿಯೂ ಹಲವು ಇದೇ ಸ್ವಭಾವದವು.

ಈ ಅಪಾಯವನ್ನು ತಪ್ಪಿಸಬೇಕೆಂಬ ಉದ್ದೇಶದಿಂದ ರಸಾಯನಶಾಸ್ತ್ರಜ್ಞರು ಕೆಲವು ಮದ್ದುಗಳನ್ನು ಕಂಡುಹಿಡಿದರು. ಇವುಗಳಿಗೆ ಅಗ್ನಿನಿರೋಧಕಗಳೆಂದು ಹೆಸರು. ಫೋಮಿನಲ್ಲಾಗಲಿ ಪ್ಲಾಸ್ಟಿಕ್ಕಿನಲ್ಲಾಗಲಿ ಇವನ್ನು ಬೆರೆಸಿದರೆ ಕಿಡಿ ತಾಕಿದೊಡನೆ ಉರಿ ಏಳದು. ಏಳಲು ಕೊಂಚ ಹೊತ್ತು ಹಿಡಿಯುವುದು. ಈ ಮದ್ದುಗಳು ಬೆರೆಸಿದಲ್ಲಿಯೇ ನಿಂತಿದ್ದ ಪಕ್ಷದಲ್ಲಿ ನಾವು ಈ ಲೇಖನವನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಅವು ನಿಲ್ಲಲಿಲ್ಲ. ಸೋಫಾದಿಂದ ಕೋಣೆಗೆ, ಕೋಣೆಯಿಂದ ಕಿಟಕಿಯ ಹೊರಗೆ, ಊರಿನಿಂದ ಊರಿಗೆ, ಕಡೆಗೆ ಮನುಷ್ಯಸಂಚಾರವೇ ಅಪರೂಪವಾದ ಧ್ರುವಪ್ರದೇಶಕ್ಕೂ ಗಾಳಿಯ ಮೂಲಕ ಹೋಗಿ ಸೇರಿದವು. ಒಂದು ಮನೆಯ ರಕ್ಷಣೆಗೆಂದು ಇಟ್ಟುಕೊಂಡ ವಸ್ತುವು ಎಲ್ಲರೂ ಉಸಿರಾಡುವ ಗಾಳಿಗೆ ಬೆರೆತುದು ಹೇಗೆ, ಅದನ್ನು ಕಂಡುಹಿಡಿದವರು ಯಾರು, ಗೃಹಸ್ಥರಾದ ನಾವು ಮಾಡತಕ್ಕುದೇನು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವಾಗಿರುವುದು.

ಬೆಂಕಿಯನ್ನು ತಡೆಯುವ ಬಗೆ

ಉರಿಯುವುದು ವಸ್ತುವಿಗಿಂತ ಹೆಚ್ಚಾಗಿ, ಅದು ಕಾದಾಗ ಅದರಿಂದ ಹೊರಡುವ ಆವಿ. ಉರಿಯ ನಡುವೆ ಅಣುಗಳು ಒಡೆದು ಬಹು ಚುರುಕಾದ ಚೂರುಗಳು ಹುಟ್ಟುವುವು. ಒಂದು ಚೂರು ಮತ್ತೊಂದು ಅಣುವನ್ನು ಒಡೆಯುವುದು. ಅದರಿಂದ ಇನ್ನಷ್ಟು ಚೂರುಗಳು ಏಳುವುವು. ಹೀಗೆ ಸರಪಳಿಯಂತೆ ಉರಿಯು ಬೆಳೆಯುವುದು. ಬ್ರೋಮಿನ್ ಅಥವಾ ಕ್ಲೋರಿನ್ ಎಂಬ ಮೂಲವಸ್ತುಗಳುಳ್ಳ ಮದ್ದನ್ನು ಬೆರೆಸಿದ್ದರೆ, ಕಾವಿಗೆ ಅದು ಒಡೆದು, ಈ ಚುರುಕು ಚೂರುಗಳನ್ನು ಹಿಡಿದು ಮಟ್ಟಹಾಕುವುದು, ಸರಪಳಿ ಕಡಿಯುವುದು. ರಂಜಕವುಳ್ಳ ಮದ್ದುಗಳ ಕ್ರಮ ಬಹುಮಟ್ಟಿಗೆ ಬೇರೆ. ಅವು ವಸ್ತುವಿನ ಮೈಮೇಲೆ ಇದ್ದಿಲಿನಂಥ ಪದರವೊಂದನ್ನು ಕಟ್ಟಿ, ಒಳಗಿನ ಭಾಗಕ್ಕೆ ಕಾವೂ ಗಾಳಿಯೂ ತಾಕದಂತೆ ಮಾಡುವುವು.

ಇಲ್ಲಿಯವರೆಗೆ ದೋಷವೇನೂ ಕಾಣದು. ದೋಷವಿರುವುದು ಮದ್ದನ್ನು ಸೇರಿಸುವ ರೀತಿಯಲ್ಲಿ. ಕೆಲವು ಮದ್ದುಗಳನ್ನು ಪ್ಲಾಸ್ಟಿಕ್ಕಿನ ಅಣುವಿಗೇ ಬೆಸೆಯುವರು. ಅವು ಸುಲಭವಾಗಿ ಬಿಟ್ಟುಹೋಗಲಾರವು. ಆದರೆ ಹೆಚ್ಚಿನವುಗಳನ್ನು ಬೆಸೆಯುವುದಿಲ್ಲ, ಸುಮ್ಮನೆ ಬೆರೆಸುವರು. ಇಂಥವುಗಳ ಗತಿ ಪೆಟ್ಟಿಗೆಯಲ್ಲಿಟ್ಟ ಕರ್ಪೂರದ ಗತಿಯಂತೆ. ಮೆಣಸಿನ ಕಾಳನ್ನು ಜೊತೆಗಿಟ್ಟರೂ ಕರ್ಪೂರವು ದಿನದಿನಕ್ಕೆ ಸವೆಯುವುದನ್ನು ನಮ್ಮ ಗೃಹಿಣಿಯರು ಬಲ್ಲರು. ಅಗ್ನಿನಿರೋಧಕವು ಕರ್ಪೂರದಷ್ಟು ಬೇಗ ಆವಿಯಾಗದು. ವರ್ಷಗಟ್ಟಲೆ, ಇರುವುದೋ ಇಲ್ಲವೋ ಎಂಬಷ್ಟು ಮೆಲ್ಲಗೆ, ಆವಿಯಾಗಿಯೂ ಧೂಳಾಗಿಯೂ ಹೊರಬೀಳುವುದು. ಹಾಕಿರುವ ಪ್ರಮಾಣವಾದರೋ ಅಲ್ಪವಲ್ಲ. ಅಮೆರಿಕದಲ್ಲಿ ಫೋಮಿಗೆ ಸೇರಿಸುತ್ತಿದ್ದ ಮದ್ದು ತೂಕದಲ್ಲಿ ನೂರಕ್ಕೆ ಸುಮಾರು ೫ ಪಾಲು. ಹತ್ತು ಕಿಲೋಗ್ರಾಂ ಫೋಮುಳ್ಳ ಸೋಫಾದಲ್ಲಿ ಅರ್ಧ ಕಿಲೋಗ್ರಾಂ ಮದ್ದು ಎಂದಂತಾಯಿತು. ಟೆಲಿವಿಷನ್ನಿನ ಕವಚಗಳಲ್ಲಿ ಇದು ನೂರಕ್ಕೆ ೧೦ ಪಾಲನ್ನು ಮೀರುತ್ತಿದ್ದುದೂ ಉಂಟು.

ಹನ್ನೆರಡು ಸೆಕೆಂಡಿನ ಪರೀಕ್ಷೆ

ಈ ಮದ್ದುಗಳು ಮನೆಮನೆಯನ್ನು ಹೊಕ್ಕುದಕ್ಕೆ ಮುಖ್ಯ ಕಾರಣ ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಒಂದು ನಿಯಮ. ೧೯೭೫ರಲ್ಲಿ ಜಾರಿಗೆ ಬಂದ ಆ ನಿಯಮದಂತೆ, ಸೋಫಾ ಕುರ್ಚಿಗಳ ಒಳಗಿನ ಫೋಮಿಗೆ ಸಣ್ಣ ಉರಿಯೊಂದನ್ನು ೧೨ ಸೆಕೆಂಡು ಹಿಡಿದರೂ ಅದು ಹೊತ್ತಿಕೊಳ್ಳಬಾರದು. ನಿಯಮದ ಉದ್ದೇಶ ಒಳ್ಳೆಯದೇ. ಸಿಗರೇಟನ್ನು ಸೇದುತ್ತ ನಿದ್ದೆಹೋದವರ ಕೈಯಿಂದ ಕಿಡಿ ಬಿದ್ದು ಮನೆಗಳು ಸುಟ್ಟುಹೋಗುತ್ತಿದ್ದವು, ಜನರು ಸಾಯುತ್ತಿದ್ದರು. ಫೋಮಿಗೆ ಮದ್ದನ್ನು ಬೆರೆಸುವುದೇ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಲು ಸುಲಭವಾದ ಮಾರ್ಗವೆಂದು ತಯಾರಕರು ಕಂಡುಕೊಂಡರು. ಒಂದು ಸಂಸ್ಥಾನಕ್ಕೆ ಒಂದು ಬಗೆ, ಉಳಿದವಕ್ಕೆ ಇನ್ನೊಂದು ಬಗೆ ಎಂದು ಮಾಡುವುದು ವ್ಯಾಪಾರಕ್ಕೆ ತೊಡಕು. ಆದುದರಿಂದ ದೇಶಕ್ಕೆಲ್ಲ ಮಾರುವ ಮೆತ್ತೆಗಳಿಗೂ ಅದೇ ಮದ್ದು ಸೇರಿತು.

ಆ ವೇಳೆಗಾಗಲೇ ಎಚ್ಚರಿಕೆಯ ಗಂಟೆಯೊಂದು ಬಾರಿಸಿತ್ತು. ೧೯೭೩ರಲ್ಲಿ ಮಿಚಿಗನ್ ಸಂಸ್ಥಾನದಲ್ಲಿ, ಹಸುಗಳ ಮೇವಿಗೆ ಸೇರಿಸುವ ಪೋಷಕದ ಬದಲಿಗೆ ಬ್ರೋಮಿನ್ನುಳ್ಳ ಅಗ್ನಿನಿರೋಧಕದ ಚೀಲಗಳು ತಪ್ಪಿ ಮೇವಿನ ಗಿರಣಿಗೆ ಹೋದವು. ಎರಡನ್ನೂ ತಯಾರಿಸುತ್ತಿದ್ದುದು ಒಂದೇ ಕಾರ್ಖಾನೆ. ಹಸುಗಳು ಹಾಲು ಕಡಿಮೆಮಾಡಿ, ಬಡಕಲಾಗಿ, ಸಾಯತೊಡಗಿದವು. ಕಾರಣ ಗೊತ್ತಾಗುವ ವೇಳೆಗೆ ಹಾಲು, ಮಾಂಸ, ಮೊಟ್ಟೆಗಳ ಮೂಲಕ ಅದು ಸಂಸ್ಥಾನದ ಬಹುಮಂದಿಯ ದೇಹವನ್ನು ಸೇರಿತ್ತು. ಸುಮಾರು ೩೦,೦೦೦ ದನಗಳನ್ನೂ ೧೫ ಲಕ್ಷ ಕೋಳಿಗಳನ್ನೂ ನಾಶಮಾಡಬೇಕಾಯಿತು. ಬೆಂಕಿಗೆ ಬಗ್ಗದ ವಸ್ತುವು ದೇಹದ ಜೀರ್ಣಕ್ರಿಯೆಗೂ ಬಗ್ಗುವುದಿಲ್ಲ, ಕೊಬ್ಬಿನಲ್ಲಿ ಸೇರಿಕೊಂಡು ಕುಳಿತುಬಿಡುವುದು ಎಂಬ ಪಾಠವನ್ನು ಆ ಪ್ರಸಂಗವು ಕಲಿಸಿತು.

ನಾಲ್ಕು ವರ್ಷಗಳ ಮೇಲೆ, ೧೯೭೭ರಲ್ಲಿ, ಆರ್ಲೀನ್ ಬ್ಲಮ್ ಮತ್ತು ಬ್ರೂಸ್ ಏಮ್ಸ್ ಎಂಬ ಇಬ್ಬರು ವಿಜ್ಞಾನಿಗಳು, ಮಕ್ಕಳ ರಾತ್ರಿಯುಡುಪಿಗೆ ಬಳಿಯುತ್ತಿದ್ದ ಟ್ರಿಸ್ ಎಂಬ ಅಗ್ನಿನಿರೋಧಕವು ವಂಶತಂತುಗಳನ್ನು ಕೆಡಿಸಬಲ್ಲುದು, ಅದರಿಂದ ಕ್ಯಾನ್ಸರ್ ಬರುವ ಸಂಭವವುಂಟು ಎಂದು ಪ್ರಕಟಿಸಿದರು. ಆ ವರ್ಷವೇ ಸರ್ಕಾರವು ಮಕ್ಕಳ ಉಡುಪಿನಲ್ಲಿ ಅದನ್ನು ನಿಷೇಧಿಸಿತು. ಈ ಆರ್ಲೀನ್ ಬ್ಲಮ್ ಎಂಬಾಕೆಯು ಪರ್ವತಾರೋಹಣದಲ್ಲಿಯೂ ಹೆಸರಾದವರು. ೧೯೭೮ರಲ್ಲಿ ಹಿಮಾಲಯದ ಅನ್ನಪೂರ್ಣಾ ಶಿಖರಕ್ಕೆ ಹೆಂಗಸರ ತಂಡವನ್ನು ಕರೆದೊಯ್ದ ನಾಯಕಿ ಇವರೇ. ಅವರ ಹೆಸರು ಮುಂದೆ ಮತ್ತೊಮ್ಮೆ ಬರುವುದು.

ಸರೋವರಗಳ ದಡದಲ್ಲಿ

ಅಮೆರಿಕಕ್ಕೂ ಕೆನಡಾಕ್ಕೂ ನಡುವೆ ಐದು ಮಹಾಸರೋವರಗಳಿವೆ: ಸುಪೀರಿಯರ್, ಮಿಚಿಗನ್, ಹ್ಯೂರನ್, ಈರಿ, ಒಂಟಾರಿಯೋ. ಭೂಮಿಯ ಮೇಲ್ಮೈಯಲ್ಲಿರುವ ಸಿಹಿನೀರಿನಲ್ಲಿ ಸುಮಾರು ಐದರಲ್ಲೊಂದು ಪಾಲು ಈ ಐದರಲ್ಲಿಯೇ ಇರುವುದು. ಈ ನೀರಿಗೆ ವಿಷವಸ್ತುಗಳು ಚರಂಡಿಯಿಂದ ಮಾತ್ರವಲ್ಲ, ಮೇಲಿನ ಗಾಳಿಯಿಂದಲೂ ಇಳಿಯುವುವೆಂದು ತಿಳಿದು, ೧೯೯೦ರಲ್ಲಿ ಎರಡು ಸರ್ಕಾರಗಳೂ ಕೂಡಿ ದಡದ ಗಾಳಿಯನ್ನು ಅಳೆಯುವ ಠಾಣ್ಯಗಳನ್ನು ಸ್ಥಾಪಿಸಿದುವು. ಠಾಣ್ಯದಲ್ಲಿರುವ ಯಂತ್ರವು ಹನ್ನೆರಡು ದಿನಗಳಿಗೊಮ್ಮೆ ಇಡೀ ಒಂದು ಹಗಲು ಒಂದು ರಾತ್ರಿ ಗಾಳಿಯನ್ನು ಎಳೆಯುವುದು. ಗಾಳಿಯು ಮೊದಲು ಸೋಸುಹಾಳೆಯ ಮೂಲಕ ಹಾಯುವುದು. ಧೂಳು ಅಲ್ಲಿ ನಿಲ್ಲುವುದು. ಅನಂತರ ಮರಳಿನಂಥ ರಾಳದ ಕಾಳುಗಳ ನಡುವೆ ಹಾಯುವುದು. ಆವಿಯು ಅಲ್ಲಿ ಅಂಟಿಕೊಳ್ಳುವುದು. ಎರಡನ್ನೂ ಪ್ರಯೋಗಶಾಲೆಗೆ ಒಯ್ದು, ಅಂಟಿದುದೇನೆಂದು ಪರೀಕ್ಷಿಸುವರು.

ಇಂಡಿಯಾನಾ ವಿಶ್ವವಿದ್ಯಾನಿಲಯದ ರೊನಾಲ್ಡ್ ಹೈಟ್ಸ್ ಮತ್ತು ಅವರ ಸಹೋದ್ಯೋಗಿಗಳು ೧೯೯೭ರಿಂದ ೧೯೯೯ರವರೆಗಿನ ಗಾಳಿಯಲ್ಲಿ ಬ್ರೋಮಿನ್ನಿನ ಅಗ್ನಿನಿರೋಧಕಗಳನ್ನು ಹುಡುಕಿದರು. ಅವರು ಮುಖ್ಯವಾಗಿ ಹುಡುಕಿದುದು ಪಿ.ಬಿ.ಡಿ.ಇ. ಎಂದು ಸಂಕ್ಷೇಪವಾಗಿ ಕರೆಯುವ ವರ್ಗವನ್ನು. ಬ್ರೋಮಿನ್ನಿನ ಪರಮಾಣುಗಳ ಸಂಖ್ಯೆಯಂತೆ ಇದರಲ್ಲಿ ಪೆಂಟಾ, ಆಕ್ಟಾ, ಡೆಕಾ ಎಂಬ ಮೂರು ಬಗೆಯ ಸರಕುಗಳು ಮಾರಾಟದಲ್ಲಿದ್ದವು. ಪೆಂಟಾ ಫೋಮಿಗೆ, ಉಳಿದೆರಡು ಪ್ಲಾಸ್ಟಿಕ್ಕಿಗೆ. ೨೦೦೧ರಲ್ಲಿ ಅವರು ಪ್ರಕಟಿಸಿದ ಫಲಿತಾಂಶವು ಹೀಗಿತ್ತು: ಸುಪೀರಿಯರ್ ಸರೋವರದ ನಿರ್ಜನವಾದ ದಡದಲ್ಲಿ ಒಂದು ಘನ ಮೀಟರ್ ಗಾಳಿಗೆ ಸುಮಾರು ೫ ಪಿಕೋಗ್ರಾಂ, ಶಿಕಾಗೋ ನಗರದಲ್ಲಿ ಸುಮಾರು ೫೨ ಪಿಕೋಗ್ರಾಂ.

ಪಿಕೋಗ್ರಾಂ ಎಂದರೆ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಒಬ್ಬ ಮನುಷ್ಯನು ದಿನಕ್ಕೆ ಸುಮಾರು ೧೫ ಘನ ಮೀಟರ್ ಗಾಳಿಯನ್ನು ಉಸಿರಾಡುವನೆಂದಿಟ್ಟುಕೊಂಡರೆ, ಆಗಿನ ಶಿಕಾಗೋ ನಿವಾಸಿಯ ಶ್ವಾಸಕೋಶಕ್ಕೆ ಹೊರಗಿನ ಗಾಳಿಯಿಂದ ಹೋಗುತ್ತಿದ್ದುದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲಿಗೂ ಕಡಿಮೆ. ಇಷ್ಟು ಅಲ್ಪವಾದುದಕ್ಕೆ ಇಷ್ಟು ಚರ್ಚೆಯೇಕೆಂದು ವಾಚಕರು ಕೇಳಬಹುದು. ಉತ್ತರವು ಆ ಎರಡು ಅಂಕಿಗಳ ಅಂತರದಲ್ಲಿಯೇ ಇರುವುದು. ನಗರದ ಗಾಳಿಯಲ್ಲಿ ನಿರ್ಜನಪ್ರದೇಶಕ್ಕಿಂತ ಹತ್ತುಪಟ್ಟು ಹೆಚ್ಚಿದೆಯೆಂದರೆ, ಮೂಲವು ನಗರವೇ ಎಂದಾಯಿತು. ಮನೆ, ಕಚೇರಿ, ಅಂಗಡಿ, ವಾಹನಗಳೊಳಗಿನ ಲಕ್ಷಾಂತರ ಮೆತ್ತೆಗಳೂ ಯಂತ್ರಗಳೂ ಕಿಟಕಿಗಳಿಂದಲೂ ಗವಾಕ್ಷಿಗಳಿಂದಲೂ ಹೊರಕ್ಕೆ ಉಸಿರು ಬಿಡುತ್ತಿದ್ದವು. ಇನ್ನು ಯಾವ ಸೋಫಾವೂ ಇಲ್ಲದ ದಡದಲ್ಲಿ ೫ ಪಿಕೋಗ್ರಾಂ ಬಂದುದೆಲ್ಲಿಂದ? ಗಾಳಿಯೇ ಅದನ್ನು ಹೊತ್ತುತಂದಿತ್ತು. ಹೀಗೆ ಹೊತ್ತುದನ್ನು ಗಾಳಿಯು ಹಗಲಿರುಳು ನೀರಿನ ಮೇಲೆ ಇಳಿಸುವುದು. ನೀರಿನಿಂದ ಪಾಚಿಗೆ, ಪಾಚಿಯಿಂದ ಸಣ್ಣ ಮೀನಿಗೆ, ಸಣ್ಣದರಿಂದ ದೊಡ್ಡದಕ್ಕೆ ಏರುತ್ತ ಅದು ಬಲಿಯುವುದು.

ಯಂತ್ರವಿಲ್ಲದ ಊರುಗಳಲ್ಲಿ ಹೈಟ್ಸ್ ಅವರ ತಂಡವು ಮರದ ತೊಗಟೆಯನ್ನು ಕೆತ್ತಿ ಪರೀಕ್ಷಿಸಿತು. ತೊಗಟೆಯಲ್ಲಿ ಜಿಡ್ಡಿನ ಅಂಶವಿರುವುದರಿಂದ ಗಾಳಿಯಲ್ಲಿ ಹಾದುಹೋದ ಇಂಥ ವಸ್ತುಗಳನ್ನು ಅದು ವರ್ಷಗಟ್ಟಲೆ ಹಿಡಿದಿಟ್ಟುಕೊಳ್ಳುವುದು. ೨೦೦೬ರಲ್ಲಿ ಪ್ರಕಟವಾದ ಈ ಪರೀಕ್ಷೆಯಲ್ಲಿ, ಬ್ರೋಮಿನ್ನಿನ ಸರಕುಗಳನ್ನು ತಯಾರಿಸುವ ಅರ್ಕನ್ಸಾ ಸಂಸ್ಥಾನದ ದಕ್ಷಿಣಭಾಗದ ಮರಗಳಲ್ಲಿ ಪ್ರಮಾಣವು ಅತ್ಯಧಿಕವಾಗಿತ್ತು. ಕಾರ್ಖಾನೆಯ ಪಕ್ಕದಲ್ಲಿ ಮೌನವಾಗಿ ನಿಂತಿದ್ದ ಮರವೇ ಸಾಕ್ಷಿ ನುಡಿದಂತಾಯಿತು.

ಗಾಳಿಗೆ ಎಲ್ಲೆಯಿಲ್ಲ

ಈಗ ಲೋಕದ ಹಲವು ದೇಶಗಳಲ್ಲಿ ಇಂಥ ಅಳತೆಗೆ ಇನ್ನೂ ಸುಲಭವಾದ ಉಪಾಯವನ್ನು ಬಳಸುವರು. ಒಂದರ ಮೇಲೊಂದು ಮಗುಚಿದ ಎರಡು ಉಕ್ಕಿನ ಬೋಗುಣಿಗಳ ನಡುವೆ ಬಿಲ್ಲೆಯಾಕಾರದ ಫೋಮಿನ ತುಂಡೊಂದನ್ನು ತೂಗುಹಾಕಿ, ತಿಂಗಳುಗಟ್ಟಲೆ ಬಯಲಿನಲ್ಲಿ ಬಿಡುವರು. ಬೀಸಿದ ಗಾಳಿಯಲ್ಲಿದ್ದ ಅಗ್ನಿನಿರೋಧಕಗಳು ತಾವಾಗಿಯೇ ಬಂದು ಅದಕ್ಕೆ ಅಂಟುವುವು. ಆ ಫೋಮು ಮತ್ತಾವುದೂ ಅಲ್ಲ, ಮದ್ದು ಬೆರೆಸದ ಅದೇ ಪಾಲಿಯೂರಿಥೇನ್! ಸೋಫಾದೊಳಗಿನ ಫೋಮಿನಿಂದ ತಪ್ಪಿಸಿಕೊಂಡುಹೋದುದನ್ನು ಅದರ ಜಾತಿಯ ಫೋಮಿನಿಂದಲೇ ಹಿಡಿದಂತಾಯಿತು.

ಉತ್ತರಧ್ರುವದ ಸಮೀಪದ ಗಾಳಿಯಲ್ಲಿಯೂ ಈ ವಸ್ತುಗಳು ಸಿಕ್ಕಿರುವುವು. ಅಲ್ಲಿಗೆ ಹೋದುದು ಒಂದೇ ನೆಗೆತದಲ್ಲಿ ಅಲ್ಲ. ಬಿಸಿಲಿನ ಕಾಲದಲ್ಲಿ ನೆಲದಿಂದ ಆವಿಯಾಗಿ ಮೇಲೇರುವುದು. ಗಾಳಿಯೊಡನೆ ಕೊಂಚ ದೂರ ಸಾಗಿ, ಚಳಿ ಬಂದಲ್ಲಿ ನೆಲಕ್ಕಿಳಿಯುವುದು. ಮತ್ತೆ ಬಿಸಿಲು ಬಂದಾಗ ಏಳುವುದು. ಹೀಗೆ ಮಿಡತೆಯಂತೆ ಹಾರಿ ಹಾರಿ, ಕಡೆಗೆ ಮತ್ತೆ ಏಳಲಾರದಷ್ಟು ಚಳಿಯಿರುವ ನಾಡಿನಲ್ಲಿ ನೆಲೆಸುವುದು. ವಿಜ್ಞಾನಿಗಳು ಇದನ್ನು ಮಿಡತೆಯ ಗತಿಯೆಂದೇ ಕರೆಯುವರು. ಧೂಳಿನ ಕಣಗಳಿಗೆ ಅಂಟಿಕೊಂಡು ಹೋಗುವುದು ಇನ್ನೊಂದು ಮಾರ್ಗ.

ಸೋಫಾದಿಂದ ಸೋರುವುದು ಮೆಲ್ಲಗೆ. ಸುಡುವಾಗ ಹೊರಡುವುದು ಹೇರಳವಾಗಿ. ಚೀನದ ಗ್ವಾಂಗ್‌ಡಾಂಗ್ ಪ್ರಾಂತದಲ್ಲಿ ಗ್ವಿಯೂ ಎಂಬ ಊರುಂಟು. ಬಹುಕಾಲ ಅಲ್ಲಿಗೆ ದೇಶದೇಶಗಳ ಹಳೆಯ ಕಂಪ್ಯೂಟರುಗಳು ಬಂದು ಬೀಳುತ್ತಿದ್ದವು. ಜನರು ಬೀದಿಬದಿಯಲ್ಲಿಯೇ ಹಲಗೆಗಳನ್ನು ಕಾಯಿಸಿ, ತಂತಿಗಳನ್ನು ಸುಟ್ಟು, ತಾಮ್ರ ಚಿನ್ನಗಳನ್ನು ತೆಗೆಯುತ್ತಿದ್ದರು. ೨೦೦೭ರಲ್ಲಿ ಪ್ರಕಟವಾದ ಅಳತೆಯಂತೆ, ಆ ಊರಿನ ಗಾಳಿಯ ಧೂಳಿನಲ್ಲಿ ಪಿ.ಬಿ.ಡಿ.ಇ.ಗಳು ಇತರ ಕಡೆಗಳಲ್ಲಿ ಕಂಡುದಕ್ಕಿಂತ ನೂರುಪಟ್ಟಿಗೂ ಹೆಚ್ಚಾಗಿದ್ದವು. ಬೆಂಕಿಯನ್ನು ತಡೆಯಲೆಂದು ಹಾಕಿದ ಮದ್ದೇ ಬೆಂಕಿಗೆ ಬಿದ್ದು ಹೊಗೆಯಾಗಿ ಏಳುತ್ತಿತ್ತು. ಸಾಲದುದಕ್ಕೆ, ಅರೆಬರೆಯಾಗಿ ಸುಟ್ಟಾಗ ಇವುಗಳಿಂದ ಡಯಾಕ್ಸಿನ್ ಜಾತಿಯ ಇನ್ನೂ ಘೋರವಾದ ವಿಷಗಳು ಹುಟ್ಟುವುವು.

ಒಂದು ಹೋಗಿ ಇನ್ನೊಂದು

ಇಷ್ಟೆಲ್ಲ ತಿಳಿದಮೇಲೆ ಸರ್ಕಾರಗಳು ಸುಮ್ಮನಿರಲಿಲ್ಲ. ಯುರೋಪಿನ ಒಕ್ಕೂಟವು ೨೦೦೪ರಲ್ಲಿ ಪೆಂಟಾ ಆಕ್ಟಾಗಳನ್ನು ನಿಷೇಧಿಸಿತು. ಅದೇ ವರ್ಷದ ಕೊನೆಗೆ ಅಮೆರಿಕದಲ್ಲಿಯೂ ಅವುಗಳ ತಯಾರಿಕೆ ನಿಂತಿತು. ಸುಲಭವಾಗಿ ನಶಿಸದ ವಿಷವಸ್ತುಗಳ ವಿಷಯದಲ್ಲಿ ದೇಶಗಳು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ೨೦೦೯ರಲ್ಲಿ ಅವೆರಡೂ, ೨೦೧೩ರಲ್ಲಿ ಕಟ್ಟಡಗಳ ಥರ್ಮೋಕೋಲಿನಂಥ ಹಲಗೆಗಳಿಗೆ ಬೆರೆಸುವ ಎಚ್.ಬಿ.ಸಿ.ಡಿ. ಎಂಬುದೂ, ೨೦೧೭ರಲ್ಲಿ ಡೆಕಾವೂ ಸೇರಿದುವು.

ಆದರೆ ಹನ್ನೆರಡು ಸೆಕೆಂಡಿನ ಪರೀಕ್ಷೆ ಹಾಗೆಯೇ ಉಳಿದಿತ್ತು. ಪರೀಕ್ಷೆಯಿರುವವರೆಗೆ ಮದ್ದು ಬೇಕು. ಒಂದನ್ನು ನಿಷೇಧಿಸಿದರೆ ಮತ್ತೊಂದು. ಪೆಂಟಾದ ಸ್ಥಾನಕ್ಕೆ ಬ್ರೋಮಿನ್ನಿನ ಬೇರೆರಡು ವಸ್ತುಗಳುಳ್ಳ ಹೊಸ ಮಿಶ್ರಣ ಬಂದಿತು. ೨೦೦೮ರಿಂದ ೨೦೧೦ರವರೆಗೆ ಸರೋವರಗಳ ಗಾಳಿಯನ್ನು ಪರೀಕ್ಷಿಸಿದಾಗ ಆ ಎರಡೂ ಅಲ್ಲಿದ್ದವು. ಸುಮಾರು ಎರಡು ವರ್ಷಗಳಿಗೊಮ್ಮೆ ಇಮ್ಮಡಿಯಾಗುತ್ತಿದ್ದವು. ರಂಜಕದ ಮದ್ದುಗಳ ಬಳಕೆಯೂ ಏರಿತು. ಇವು ಗಾಳಿಯಲ್ಲಿ ಬೇಗ ನಶಿಸಿಹೋಗುವುವೆಂದು ಮೊದಲು ನಂಬಿಕೆಯಿತ್ತು. ೨೦೧೪ರಲ್ಲಿ ಹೈಟ್ಸ್ ಅವರ ತಂಡವು ಅದೇ ಠಾಣ್ಯಗಳ ಧೂಳನ್ನು ಪರೀಕ್ಷಿಸಿ, ರಂಜಕದ ಮದ್ದುಗಳು ಬ್ರೋಮಿನ್ನಿನವುಗಳಿಗಿಂತ ನೂರುಪಟ್ಟಿಗೂ ಮಿಗಿಲಾಗಿವೆಯೆಂದು ತಿಳಿಸಿತು. ಆವಿಯಾಗಿರುವಾಗ ಬೇಗ ನಶಿಸುವ ವಸ್ತುವು ಧೂಳಿನ ಕಣದಲ್ಲಿ ಅಡಗಿಕೊಂಡರೆ ದಿನಗಟ್ಟಲೆ ಉಳಿಯುವುದೆಂದು ಕೆನಡಾದ ವಿಜ್ಞಾನಿಗಳೂ ಅದೇ ಕಾಲದಲ್ಲಿ ತೋರಿಸಿದರು.

ಮಕ್ಕಳ ಉಡುಪಿನ ಕಥೆಯೂ ಹೀಗೆಯೇ ಆಯಿತು. ೧೯೭೭ರಲ್ಲಿ ಹೋದುದು ಬ್ರೋಮಿನ್ನಿನ ಟ್ರಿಸ್. ಅದರ ಬದಲಿಗೆ ಬಂದುದು ಕ್ಲೋರಿನ್ನಿನ ಟ್ರಿಸ್. ಅದೂ ವಂಶತಂತುಗಳನ್ನು ಕೆಡಿಸುವುದೆಂದು ಕಂಡು, ತಯಾರಕರು ಉಡುಪಿನಿಂದ ಅದನ್ನು ತೆಗೆದರು. ಆದರೆ ಸೋಫಾದಲ್ಲಿ ಅದನ್ನು ತಡೆಯುವವರಿರಲಿಲ್ಲ. ೨೦೧೨ರಲ್ಲಿ ಡ್ಯೂಕ್ ವಿಶ್ವವಿದ್ಯಾನಿಲಯದ ಹೆದರ್ ಸ್ಟೇಪಲ್ಟನ್ ಮತ್ತು ಸಂಗಡಿಗರು ಅಮೆರಿಕದ ಮನೆಗಳಲ್ಲಿದ್ದ ೧೦೨ ಸೋಫಾಗಳ ಫೋಮನ್ನು ಪರೀಕ್ಷಿಸಿದಾಗ, ನೂರಕ್ಕೆ ೮೫ರಲ್ಲಿ ಒಂದಲ್ಲ ಒಂದು ಅಗ್ನಿನಿರೋಧಕವಿತ್ತು. ಅವುಗಳಲ್ಲಿ ಕ್ಲೋರಿನ್ನಿನ ಟ್ರಿಸ್ಸೂ ಸೇರಿತ್ತು. ಮಗುವಿನ ಅಂಗಿಗೆ ಸಲ್ಲದುದು ಅದೇ ಮಗು ಮಲಗುವ ಮೆತ್ತೆಗೆ ಸಂದಿತ್ತು.

೨೦೨೧ರಲ್ಲಿ ಕೆನಡಾ ಸರ್ಕಾರದ ವಿಜ್ಞಾನಿಗಳು ಇತರರೊಡನೆ ಕೂಡಿ ಇನ್ನೊಂದು ಸಂಗತಿಯನ್ನು ಹೊರಗೆಡಹಿದರು. ಅವರು ಹೆಚ್ಚು ಬಳಕೆಯಲ್ಲಿರುವ ೯ ಅಗ್ನಿನಿರೋಧಕಗಳನ್ನು ಆರಿಸಿಕೊಂಡು, ಗಾಳಿಯಲ್ಲಿ ಅವು ಏನೇನಾಗಿ ಮಾರ್ಪಡುವುವೆಂದು ಪ್ರಯೋಗಶಾಲೆಯಲ್ಲಿ ನೋಡಿ, ಅನಂತರ ಲೋಕದ ೧೮ ಮಹಾನಗರಗಳ ಗಾಳಿಯಲ್ಲಿ ಆ ಮಾರ್ಪಟ್ಟ ರೂಪಗಳನ್ನು ಹುಡುಕಿದರು. ನಮ್ಮ ಹೊಸದಿಲ್ಲಿಯೂ ಆ ಹದಿನೆಂಟರಲ್ಲಿ ಒಂದು. ಹಲವು ರೂಪಗಳು ನಿಜವಾಗಿಯೂ ಗಾಳಿಯಲ್ಲಿದ್ದವು. ಮಾರ್ಪಟ್ಟುವುಗಳಲ್ಲಿ ಕೆಲವು ಮೂಲವಸ್ತುವಿಗಿಂತಲೂ ಹೆಚ್ಚು ಕಾಲ ಬಾಳುವಂಥವು, ಹೆಚ್ಚು ವಿಷವುಳ್ಳವು ಆಗಬಲ್ಲವೆಂದು ಅವರು ತಿಳಿಸಿದರು. ಬಿಟ್ಟ ವಸ್ತುವನ್ನು ಮಾತ್ರ ಲೆಕ್ಕಹಾಕಿದರೆ ಸಾಲದು, ಅದು ಗಾಳಿಯಲ್ಲಿ ಪಡೆಯುವ ಮರುಹುಟ್ಟನ್ನೂ ಲೆಕ್ಕಹಾಕಬೇಕೆಂದಾಯಿತು.

ದೇಹಕ್ಕೆ ಆಗುವುದೇನು

ವಾಚಕರನ್ನು ಹೆದರಿಸಲು ನಾವು ಬರೆಯುತ್ತಿಲ್ಲ. ಹೊರಗಿನ ಗಾಳಿಯನ್ನು ಉಸಿರಾಡಿದ ಮಾತ್ರದಿಂದ ಇಂಥ ರೋಗ ಬರುವುದೆಂದು ಹೇಳುವುದು ಸರಿಯಲ್ಲ. ಬ್ರೋಮಿನ್ನಿನ ಮದ್ದುಗಳು ದೇಹವನ್ನು ಸೇರುವುದು ಹೆಚ್ಚಾಗಿ ಎರಡು ದಾರಿಗಳಲ್ಲಿ: ಒಂದು ಮನೆಯ ಧೂಳು, ಇನ್ನೊಂದು ಆಹಾರ. ನೆಲದ ಮೇಲೆ ಅಂಬೆಗಾಲಿಡುತ್ತ ಕೈಯನ್ನು ಬಾಯಿಗಿಡುವ ಕೂಸಿಗೆ ಧೂಳಿನ ಪಾಲು ದೊಡ್ಡವರಿಗಿಂತ ಹೆಚ್ಚು. ಹೊರಗಿನ ಗಾಳಿಯ ಕೆಲಸವು ಅಂಚೆಯವನ ಕೆಲಸ. ಒಬ್ಬರ ಮನೆಯದನ್ನು ಇನ್ನೊಬ್ಬರ ಕೆರೆಗೂ ಹುಲ್ಲುಗಾವಲಿಗೂ ಮುಟ್ಟಿಸುವುದು. ಅಲ್ಲಿಂದ ಅದು ಮೀನಿಗೂ ಹಾಲಿಗೂ ಬರುವುದು.

ಇದರ ಅತ್ಯಂತ ಮನಮುಟ್ಟುವ ಪ್ರಮಾಣವು ದೊರೆತುದು ಸ್ವೀಡನ್ ದೇಶದಲ್ಲಿ. ಸ್ಟಾಕ್‌ಹೋಮಿನಲ್ಲಿ ೧೯೭೨ರಿಂದ ೧೯೯೭ರವರೆಗೆ ಸಂಗ್ರಹಿಸಿಟ್ಟಿದ್ದ ತಾಯಿಹಾಲನ್ನು ಅಲ್ಲಿನ ವಿಜ್ಞಾನಿಗಳು ಪರೀಕ್ಷಿಸಿದರು. ಆ ಇಪ್ಪತ್ತೈದು ವರ್ಷಗಳಲ್ಲಿ ಡಿ.ಡಿ.ಟಿ. ಮೊದಲಾದ ಹಳೆಯ ವಿಷಗಳು ಇಳಿದಿದ್ದವು, ಪಿ.ಬಿ.ಡಿ.ಇ.ಗಳು ಮಾತ್ರ ಸುಮಾರು ಐದು ವರ್ಷಗಳಿಗೊಮ್ಮೆ ಇಮ್ಮಡಿಸುತ್ತ ಏರಿದ್ದವು. ಈ ವಸ್ತುಗಳ ಅಣುವಿನ ಆಕಾರವು ಥೈರಾಯ್ಡ್ ಗ್ರಂಥಿಯ ರಸದ ಅಣುವನ್ನು ಹೋಲುವುದು. ಗರ್ಭದಲ್ಲಿರುವ ಶಿಶುವಿನ ಮಿದುಳಿನ ಬೆಳವಣಿಗೆಗೆ ಆ ರಸವು ಅತ್ಯವಶ್ಯ. ನ್ಯೂಯಾರ್ಕಿನಲ್ಲಿ ಹೆರಿಗೆಯ ಕಾಲದ ಹೊಕ್ಕುಳಬಳ್ಳಿಯ ರಕ್ತವನ್ನು ಪರೀಕ್ಷಿಸಿ, ಆ ಮಕ್ಕಳು ಬೆಳೆಯುವುದನ್ನು ಗಮನಿಸುತ್ತಬಂದವರು ೨೦೧೦ರಲ್ಲಿ ಹೀಗೆ ತಿಳಿಸಿದರು: ರಕ್ತದಲ್ಲಿ ಈ ವಸ್ತುಗಳು ಹೆಚ್ಚಾಗಿದ್ದ ಮಕ್ಕಳು ಮುಂದೆ ಬುದ್ಧಿಯ ಬೆಳವಣಿಗೆಯ ಪರೀಕ್ಷೆಗಳಲ್ಲಿ ಉಳಿದವರಿಗಿಂತ ಕಡಿಮೆ ಅಂಕಗಳನ್ನು ಪಡೆದರು.

ಇದನ್ನೋದಿದ ತಾಯಂದಿರು ಮಗುವಿಗೆ ಹಾಲೂಡಿಸಲು ಹಿಂಜರಿಯಬಾರದು. ತಾಯಿಹಾಲಿನ ಗುಣವು ಈ ದೋಷವನ್ನು ಎಷ್ಟೋ ಮೀರಿದುದೆಂದು ವೈದ್ಯರ ಅಭಿಪ್ರಾಯ. ಸಂತೋಷದ ಮಾತೂ ಒಂದುಂಟು. ಬಳಕೆ ತಗ್ಗಿದಮೇಲೆ ಸ್ವೀಡನ್ನಿನ ತಾಯಿಹಾಲಿನಲ್ಲಿ ಈ ಪ್ರಮಾಣವು ಇಳಿಯತೊಡಗಿತು. ಮಹಾಸರೋವರಗಳ ಮೀನುಗಳಲ್ಲಿಯೂ ಇಳಿಯಿತು. ಮನುಷ್ಯನು ಸುರಿಯುವುದನ್ನು ನಿಲ್ಲಿಸಿದರೆ ಪ್ರಕೃತಿಯು ಮೆಲ್ಲಗೆಯಾದರೂ ತನ್ನನ್ನು ತಾನು ತೊಳೆದುಕೊಳ್ಳುವುದು.

ಮಾಡತಕ್ಕುದೇನು

ಹಾಗಾದರೆ ಬೆಂಕಿಯ ಭಯಕ್ಕೆ ಪರಿಹಾರವೇನು? ಇದಕ್ಕೆ ಉತ್ತರ ಕೊಟ್ಟುದೂ ಆ ಕ್ಯಾಲಿಫೋರ್ನಿಯಾ ಸಂಸ್ಥಾನವೇ. ಆರ್ಲೀನ್ ಬ್ಲಮ್ ಮೊದಲಾದವರು ಪಟ್ಟುಬಿಡದೆ ಕೇಳಿದ ಪ್ರಶ್ನೆಯೊಂದೇ: ಈ ಮದ್ದಿನಿಂದ ಜೀವಗಳು ಉಳಿದಿವೆಯೆ? ಸೋಫಾಕ್ಕೆ ಬೆಂಕಿ ಹತ್ತುವುದು ಸಾಮಾನ್ಯವಾಗಿ ಹೊರಗಿನ ಬಟ್ಟೆಯಿಂದ. ಬಟ್ಟೆ ಉರಿದು ದೊಡ್ಡದಾದ ಉರಿಯು ಫೋಮನ್ನು ಮುಟ್ಟುವ ವೇಳೆಗೆ ಒಳಗಿನ ಮದ್ದು ಹೆಚ್ಚೇನೂ ಮಾಡಲಾರದು. ಆದುದರಿಂದ ೨೦೧೩ರಲ್ಲಿ ಸಂಸ್ಥಾನವು ನಿಯಮವನ್ನು ಬದಲಾಯಿಸಿ, ಹೊರಗಿನ ಬಟ್ಟೆಯು ಸಿಗರೇಟಿನಂಥ ಕಿಡಿಗೆ ಒಳಗೊಳಗೇ ಹೊಗೆಯಾಡುತ್ತ ಹತ್ತಿಕೊಳ್ಳಬಾರದೆಂಬ ಪರೀಕ್ಷೆಯನ್ನು ತಂದಿತು. ಬಟ್ಟೆಯ ಆಯ್ಕೆಯಿಂದಲೂ ನಡುವೆ ಹಾಸುವ ಪದರದಿಂದಲೂ, ಮದ್ದಿಲ್ಲದೆಯೇ, ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಬಹುದು. ೨೦೨೦ರ ಜನವರಿಯಿಂದ ಆ ಸಂಸ್ಥಾನದಲ್ಲಿ ಸೋಫಾ, ಹಾಸಿಗೆಯ ಫೋಮು, ಮಕ್ಕಳ ಸಾಮಾನುಗಳಲ್ಲಿ ಸಾವಿರಕ್ಕೆ ಒಂದು ಪಾಲಿಗಿಂತ ಹೆಚ್ಚು ಅಗ್ನಿನಿರೋಧಕವಿರುವ ಹೊಸ ಸರಕನ್ನು ಮಾರುವಂತಿಲ್ಲ. ಹೊಸ ಪರೀಕ್ಷೆಯೇ ೨೦೨೧ರಲ್ಲಿ ಅಮೆರಿಕ ದೇಶಕ್ಕೆಲ್ಲ ನಿಯಮವಾಯಿತು. ಒಂದರ ಬದಲಿಗೆ ಇನ್ನೊಂದು ಮದ್ದನ್ನು ಹುಡುಕುವ ಬದಲು, ಮದ್ದೇ ಬೇಕೆ ಎಂದು ಕೇಳಿದಾಗಲೇ ದಾರಿ ಕಂಡಿತು.

ನಮ್ಮ ದೇಶವೂ ೨೦೧೮ರ ಮಾರ್ಚಿಯಲ್ಲಿ ನಿಯಮವೊಂದನ್ನು ಹೊರಡಿಸಿ, ಸುಲಭವಾಗಿ ನಶಿಸದ ಏಳು ಬಗೆಯ ವಿಷವಸ್ತುಗಳ ತಯಾರಿಕೆ, ವ್ಯಾಪಾರ, ಬಳಕೆ, ಆಮದು, ರಫ್ತುಗಳನ್ನು ನಿಷೇಧಿಸಿತು. ಆ ಏಳರಲ್ಲಿ ನಾಲ್ಕು ಅಗ್ನಿನಿರೋಧಕಗಳೇ. ಪೆಂಟಾ, ಆಕ್ಟಾ, ಎಚ್.ಬಿ.ಸಿ.ಡಿ.ಗಳು ಅವುಗಳಲ್ಲಿ ಸೇರಿವೆ. ವಿದ್ಯುತ್ ಮತ್ತು ವಿದ್ಯುನ್ಮಾನ ಸಾಮಾನುಗಳ ತ್ಯಾಜ್ಯದ ವಿಷಯವಾದ ನಿಯಮಗಳು, ಹೊಸ ಸಾಮಾನುಗಳಲ್ಲಿ ಪಿ.ಬಿ.ಡಿ.ಇ.ಗಳು ಸಾವಿರಕ್ಕೆ ಒಂದು ಪಾಲನ್ನು ಮೀರಬಾರದೆಂದು ಕಟ್ಟುಮಾಡಿವೆ. ಆದರೆ ನಿಯಮಕ್ಕೆ ಮುಂಚೆ ತಯಾರಾದ ಟೆಲಿವಿಷನ್ನುಗಳೂ ಕಂಪ್ಯೂಟರುಗಳೂ ಇನ್ನೂ ಅಟ್ಟದ ಮೇಲೂ ಗುಜರಿಯ ಅಂಗಡಿಗಳಲ್ಲಿಯೂ ಬಿದ್ದಿರುವುವು. ಕಂಪ್ಯೂಟರುಗಳ ಊರೆಂದು ಹೆಸರಾದ ಬೆಂಗಳೂರು ಹಳೆಯ ಕಂಪ್ಯೂಟರುಗಳ ಊರೂ ಆಗಿರುವುದು ಸಹಜವೇ. ಊರ ಹೊರಗಿನ ಬಯಲಿನಲ್ಲಿ, ಸಂಜೆಯ ಹೊತ್ತು, ತಾಮ್ರಕ್ಕಾಗಿ ತಂತಿಯ ಸುರುಳಿಗಳನ್ನು ಸುಡುವವರ ಕರಿಹೊಗೆಯನ್ನು ನಾವು ಕಣ್ಣಾರೆ ಕಂಡಿರುವೆವು. ಸುಡುವವನು ಬಡವನು; ಅವನ ಮೇಲೆ ಕೋಪಿಸಿಕೊಂಡು ಫಲವಿಲ್ಲ. ಆ ತಂತಿಯು ಅವನ ಕೈಗೆ ಹೋದುದು ನಮ್ಮ ಮನೆಗಳಿಂದಲ್ಲವೆ?

ಗೃಹಸ್ಥರು ಮಾಡಬಹುದಾದುದು ಕೆಲವೇ, ಆದರೆ ಅವು ಸುಲಭವಾದುವು. ಹಳೆಯ ಫೋಮು, ತಂತಿ, ಪ್ಲಾಸ್ಟಿಕ್ ಕವಚಗಳನ್ನು ಕಸದೊಡನೆ ಎಂದೂ ಸುಡಬಾರದು. ನೀರು ಕಾಯಿಸುವ ಒಲೆಗಂತೂ ಹಾಕಲೇಬಾರದು. ಕೆಟ್ಟ ಯಂತ್ರಗಳನ್ನು ಸರ್ಕಾರದ ಪರವಾನಗಿಯುಳ್ಳ ಸಂಗ್ರಹಗಾರರಿಗೆ ಒಪ್ಪಿಸಬೇಕು; ಗುಜರಿಯವನು ನಾಲ್ಕು ಕಾಸು ಹೆಚ್ಚು ಕೊಟ್ಟರೂ ಆ ಆಸೆಯನ್ನು ಬಿಡಬೇಕು. ಬಟ್ಟೆ ಹರಿದು ಪುಡಿಯುದುರುವ ಮೆತ್ತೆಯನ್ನು ಮಕ್ಕಳಿರುವ ಕೋಣೆಯಲ್ಲಿ ಇಡಬಾರದು. ನೆಲವನ್ನು ಒಣಪೊರಕೆಯಿಂದ ಗುಡಿಸುವುದರ ಜೊತೆಗೆ ಒದ್ದೆಬಟ್ಟೆಯಿಂದ ಒರೆಸಬೇಕು. ಉಣ್ಣುವ ಮೊದಲು ಕೈತೊಳೆಯುವ ನಮ್ಮ ಹಿರಿಯರ ಪದ್ಧತಿಯು ಈ ಹೊಸ ಧೂಳಿಗೂ ಸಲ್ಲುವುದು. ಹೊಸ ಹಾಸಿಗೆಯನ್ನು ಕೊಳ್ಳುವಾಗ ಒಳಗಿರುವುದೇನು, ಅದಕ್ಕೆ ಅಗ್ನಿನಿರೋಧಕವನ್ನು ಬೆರೆಸಿದೆಯೆ ಎಂದು ಕೇಳಬೇಕು. ಅಂಗಡಿಯವನಿಗೆ ಗೊತ್ತಿಲ್ಲದಿರಬಹುದು, ಹತ್ತು ಮಂದಿ ಕೇಳಿದರೆ ತಿಳಿದುಕೊಳ್ಳುವನು. ಇವುಗಳ ಜೊತೆಗೆ ಬೆಂಕಿಯ ಎಚ್ಚರವನ್ನೂ ಬಿಡಕೂಡದು: ಹಾಸಿಗೆಯ ಮೇಲೆ ಬೀಡಿ ಸಿಗರೇಟು ಬೇಡ, ದೀಪವನ್ನು ಪರದೆಯ ಬಳಿ ಇಡುವುದು ಬೇಡ, ಸವೆದ ವಿದ್ಯುತ್ ತಂತಿಯನ್ನು ಬದಲಿಸದೆ ಬಿಡುವುದು ಬೇಡ. ಮದ್ದಿಗಿಂತ ಈ ಎಚ್ಚರವೇ ಒಳ್ಳೆಯ ಕಾವಲು.

ಹಿತ್ತಲಿಗೆ ಬೇಲಿ ಹಾಕಬಹುದು, ಬಾವಿಗೆ ಕಟ್ಟೆ ಕಟ್ಟಬಹುದು. ಗಾಳಿಗೆ ಎರಡೂ ಆಗದು. ನಮ್ಮ ಮನೆಯ ಕಿಟಕಿಯಿಂದ ಹೊರಗೆ ಹೋದುದು ನೆರೆಯವರ ಕಿಟಕಿಯಿಂದ ಒಳಗೆ ಬರುವುದು. ಇದನ್ನು ನೆನಪಿನಲ್ಲಿಟ್ಟುಕೊಂಡು ಕೊಳ್ಳುವುದೂ, ಇದನ್ನು ನೆನಪಿನಲ್ಲಿಟ್ಟುಕೊಂಡು ಎಸೆಯುವುದೂ ಗೃಹಸ್ಥಧರ್ಮದ ಒಂದು ಭಾಗವೆಂದು ನಾವು ತಿಳಿಯುವೆವು.